ಜೆಪ್ಪುವಿನ ಹಂಚಿನ ಮಣ್ಣೂ ಹೊಸ ಪ್ಲಾಸ್ಟಿಕ್ಕಿನ ಗುಟ್ಟೂ

ಪ್ಲಾಸ್ಟಿಕ್ಕಿನ ಸಾಮಾನು ಇಲ್ಲದ ಬೇಸಾಯಗಾರನ ಮನೆ ಇಂದು ನಮ್ಮ ಹಳ್ಳಿಗಳಲ್ಲಿ ಇಲ್ಲವೆಂದೇ ಹೇಳಬಹುದು. ಅಡಿಕೆ ತೋಟಕ್ಕೆ ನೀರೊಯ್ಯುವ ಕರಿ ಪೈಪು, ಮರದ ಬುಡಕ್ಕೆ ಹನಿ ಬಿಡುವ ಸಣ್ಣ ಕೊಳವೆ, ಅಂಗಳದಲ್ಲಿ ಹರಡಿದ ಅಡಿಕೆಗೆ ಮಳೆ ಬಂದಾಗ ಹೊದಿಸುವ ಟಾರ್ಪಾಲು, ನೀರಿನ ಟಾಂಕಿ, ಗೊಬ್ಬರದ ಚೀಲ, ಮಳೆಗಾಲದಲ್ಲಿ ರಬ್ಬರ್ ಮರಕ್ಕೆ ತೊಡಿಸುವ ಹಾಳೆ, ಇವೆಲ್ಲವೂ ಪ್ಲಾಸ್ಟಿಕ್ಕೇ. ಇವುಗಳಿಗಾಗಿ ರೈತನು ವರ್ಷ ವರ್ಷವೂ ಹಣ ತೆರುತ್ತಾನೆ. ಆದರೆ ಒಂದೇ ಬಣ್ಣದ, ಒಂದೇ ಗಾತ್ರದ ಎರಡು ಪೈಪುಗಳನ್ನು ಕೊಂಡು ತಂದು ಬಿಸಿಲಿಗೆ ಹಾಸಿದರೆ, ಒಂದು ಬಹುಕಾಲ ಬಾಳುತ್ತದೆ. ಇನ್ನೊಂದು ಎರಡು ಮೂರು ಬೇಸಗೆಯೊಳಗೆ ಸೀಳಿ ಹೋಗುತ್ತದೆ. ಹೀಗೇಕೆ ಆಗುತ್ತದೆ?

ಈ ಪ್ರಶ್ನೆಗೆ ಉತ್ತರವು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ ಇರುತ್ತದೆ. ಅಂಥ ಕಣಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸುವ ವಿದ್ಯೆಗೆ ಈಗ ‘ನ್ಯಾನೊ ತಂತ್ರಜ್ಞಾನ’ ಎಂಬ ಹೆಸರು ಬಂದಿದೆ. ಪೇಟೆಯಲ್ಲಿಯೂ ಈ ಹೆಸರು ಕೇಳಿಬರುತ್ತಿದೆ. ‘ನ್ಯಾನೊ’ ಎಂದು ಬರೆದ ಸಾಮಾನಿಗೆ ಬೆಲೆಯೂ ಹೆಚ್ಚು. ಹೆಸರಿಗೆ ಬೆಲೆ ಕೊಡಬೇಕೋ ಗುಣಕ್ಕೆ ಬೆಲೆ ಕೊಡಬೇಕೋ ಎಂಬುದನ್ನು ತಿಳಿಯಬೇಕಾದರೆ, ಈ ವಿದ್ಯೆಯ ಒಳಗುಟ್ಟನ್ನು ಸ್ವಲ್ಪವಾದರೂ ಅರಿತಿರುವುದು ಒಳ್ಳೆಯದು. ಅದು ಕಠಿಣವೇನೂ ಅಲ್ಲ. ನಮ್ಮ ಮಾಡಿನ ಮೇಲಿನ ಹಂಚು ಅದರ ಅರ್ಧ ಪಾಠವನ್ನು ಹೇಳಿಕೊಡುತ್ತದೆ.

ಹಂಚು ಕಲಿಸುವ ಪಾಠ

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅವರ ಮುದ್ರಣಾಲಯದಲ್ಲಿ ಕೆಲಸ ಮಾಡಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿ, ಗುರುಪುರ ನದಿಗಳ ದಂಡೆಯ ಆವೆಮಣ್ಣು ಹಂಚಿಗೆ ಯೋಗ್ಯವಾದುದೆಂದು ಕಂಡರು. ೧೮೬೫ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಸಮೀಪ, ಹಂಚಿನ ಕಾರ್ಖಾನೆ ಆರಂಭವಾಯಿತು. ಮುಂದೆ ಮಂಗಳೂರು ಹಂಚು ದೇಶವಿದೇಶಗಳಿಗೆ ಹೋಗಿ ಹೆಸರು ಗಳಿಸಿತು. ಮೊದಲನೆಯ ಮಹಾಯುದ್ಧದ ತರುವಾಯ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಬಂದವು. ಕಾಂಕ್ರೀಟು ಬಂದ ಮೇಲೆ ಕರಾವಳಿಯ ಹಲವು ಹಂಚಿನ ಕಾರ್ಖಾನೆಗಳು ಮುಚ್ಚಿದುವಾದರೂ, ಹಳೆಯ ಹಂಚು ಇನ್ನೂ ನಮ್ಮ ಎಷ್ಟೋ ಮನೆಗಳ ಮೇಲೆ ಮಳೆಯನ್ನು ತಡೆಯುತ್ತಲಿದೆ.

ಹಂಚಿನ ಕೆಲಸ ಬಲ್ಲವರಿಗೆ ಒಂದು ಸಂಗತಿ ಗೊತ್ತು. ಅಗೆದು ತಂದ ಮಣ್ಣನ್ನು ಹಾಗೆಯೇ ಅಚ್ಚಿಗೆ ಹಾಕುವುದಿಲ್ಲ. ಕಲ್ಲು, ಬೇರು, ಗಂಟುಗಳನ್ನು ತೆಗೆದು, ನೀರು ಹಾಕಿ ನೆನೆಸಿ, ಯಂತ್ರದಲ್ಲಿ ಚೆನ್ನಾಗಿ ನಾದಿ ಹದಮಾಡುತ್ತಾರೆ. ಮಣ್ಣಿನಲ್ಲಿ ಒಂದು ಗಂಟು ಉಳಿದರೂ ಸಾಕು. ಒಣಗುವಾಗಲೋ ಸುಡುವಾಗಲೋ ಹಂಚು ಅಲ್ಲಿಂದಲೇ ಬಿರಿಯುತ್ತದೆ. ಹಂಚಿನ ಬಲಕ್ಕೆ ಮಣ್ಣು ಎಷ್ಟು ಮುಖ್ಯವೋ, ಅದು ನುಣ್ಣಗಿರುವುದೂ ಎಲ್ಲೆಡೆ ಒಂದೇ ಸಮನಾಗಿ ಬೆರೆತಿರುವುದೂ ಅಷ್ಟೇ ಮುಖ್ಯ.

ಹೊಸ ಪ್ಲಾಸ್ಟಿಕ್ಕಿನ ಗುಟ್ಟೂ ಇದೇ ಆಗಿದೆ. ಅಲ್ಲಿ ಕಣಗಳು ಇನ್ನೂ ಬಹಳ ಸಣ್ಣವು. ಆದುದರಿಂದ ಹದವೂ ಇನ್ನೂ ಬಹಳ ಸೂಕ್ಷ್ಮವಾದದ್ದು. ಈ ಲೇಖನದ ಸಾರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಬೆರೆಸಿದ ವಸ್ತುವಿನ ಹೆಸರಿಗಿಂತ ಬೆರೆಸಿದ ಹದವೇ ದೊಡ್ಡದು.

ಪ್ಲಾಸ್ಟಿಕ್ಕು ಎಂದರೇನು?

ಪ್ಲಾಸ್ಟಿಕ್ಕು ‘ಪಾಲಿಮರ್’ ಎಂಬ ಜಾತಿಯ ವಸ್ತು. ಇದು ಗ್ರೀಕ್ ಮಾತು. ‘ಹಲವು ಭಾಗಗಳು ಕೂಡಿದ್ದು’ ಎಂದು ಅರ್ಥ. ಒಂದೇ ಬಗೆಯ ಸಣ್ಣ ಕೊಂಡಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಕೂಡಿಸಿದರೆ ಉದ್ದನೆಯ ಸರಪಳಿಯಾಗುವುದಷ್ಟೆ. ಪಾಲಿಮರ್ ಎಂದರೆ ಅಂಥ ಸರಪಳಿಗಳ ಕಂತೆ. ಪ್ರಕೃತಿಯಲ್ಲಿಯೂ ಇದು ಉಂಟು. ಹತ್ತಿಯ ನೂಲು, ತೆಂಗಿನ ನಾರು, ಅಕ್ಕಿಯ ಗಂಜಿ, ರಬ್ಬರ್ ಮರದ ಹಾಲಿನಲ್ಲಿರುವ ರಬ್ಬರು, ಎಲ್ಲದರಲ್ಲಿಯೂ ಇಂಥ ಸರಪಳಿಗಳೇ ಇವೆ.

ಮನುಷ್ಯನು ಇದನ್ನು ಕಾರ್ಖಾನೆಯಲ್ಲಿ ಮಾಡಲು ಕಲಿತನು. ಎಥಿಲೀನ್ ಎಂಬ ಅನಿಲದ ಕೊಂಡಿಗಳನ್ನು ಜೋಡಿಸಿದರೆ ಪಾಲಿಥೀನ್ ಆಗುತ್ತದೆ. ಇದನ್ನು ಇಂಗ್ಲೆಂಡಿನಲ್ಲಿ ೧೯೩೩ರಲ್ಲಿ ಕಂಡುಹಿಡಿದರು. ಕರಿ ಪೈಪು, ತೊಟ್ಟೆ ಇವು ಪಾಲಿಥೀನಿನವು. ಪ್ರೊಪಿಲೀನ್ ಅನಿಲದಿಂದ ಪಾಲಿಪ್ರೊಪಿಲೀನ್ ಆಗುತ್ತದೆ. ಗೊಬ್ಬರದ ಚೀಲ, ಹಗ್ಗ, ಕುರ್ಚಿ ಇವು ಹೆಚ್ಚಾಗಿ ಅದರಿಂದ ಆದವು. ಈ ವಸ್ತು ನಮ್ಮ ಜಿಲ್ಲೆಯಲ್ಲಿಯೇ ತಯಾರಾಗುತ್ತದೆ. ಸುರತ್ಕಲ್ಲಿನ ಬಳಿಯ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ೨೦೧೫ರಲ್ಲಿ ಪಾಲಿಪ್ರೊಪಿಲೀನ್ ವಿಭಾಗವು ಆರಂಭವಾಯಿತು. ವರ್ಷಕ್ಕೆ ೪ ಲಕ್ಷ ೪೦ ಸಾವಿರ ಟನ್ನು ತಯಾರಿಸುವಂತೆ ಅದನ್ನು ಕಟ್ಟಲಾಗಿದೆ. ಅಂತೂ ಒಂದು ಕಾಲಕ್ಕೆ ಮಣ್ಣಿನ ಹಂಚಿಗೆ ಹೆಸರಾಗಿದ್ದ ಮಂಗಳೂರು ಇಂದು ಪ್ಲಾಸ್ಟಿಕ್ಕಿನ ಕಾಳನ್ನೂ ಹೊರಗೆ ಕಳುಹಿಸುತ್ತದೆ.

ಬರಿಯ ಪ್ಲಾಸ್ಟಿಕ್ಕಿಗೆ ಕೆಲವು ದೋಷಗಳಿವೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಅದರ ಸರಪಳಿಗಳನ್ನು ಕಡಿಯುತ್ತವೆ. ಸರಪಳಿ ಕಡಿದಂತೆಲ್ಲ ವಸ್ತು ಪೆಡಸಾಗಿ ಬಿರುಕು ಬಿಡುತ್ತದೆ. ಶಾಖಕ್ಕೆ ಅದು ಮೆತ್ತಗಾಗುತ್ತದೆ. ಕಾಣಲು ತೂತಿಲ್ಲದಿದ್ದರೂ ಗಾಳಿಯೂ ತೇವವೂ ಅದರ ಮೂಲಕ ನಿಧಾನವಾಗಿ ನುಸುಳುತ್ತವೆ. ಈ ದೋಷಗಳನ್ನು ತಿದ್ದಲು ಅದಕ್ಕೆ ಬೇರೆ ಪುಡಿಗಳನ್ನು ಬೆರೆಸುವುದು ರೂಢಿ. ಆ ಪುಡಿ ಎಷ್ಟು ನುಣ್ಣಗಿರಬೇಕು ಎಂಬಲ್ಲಿ ನ್ಯಾನೊ ಮಾತು ಬರುತ್ತದೆ.

ನ್ಯಾನೊ ಎಂಬ ಅಳತೆ

‘ನ್ಯಾನೊ’ ಎಂಬುದು ಒಂದು ವಸ್ತುವಿನ ಹೆಸರಲ್ಲ, ಔಷಧಿಯ ಹೆಸರೂ ಅಲ್ಲ. ಅದು ಒಂದು ಅಳತೆ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಕುಳ್ಳ ಎಂದು ಅರ್ಥ. ಅಡಿಕೋಲಿನ ಮೇಲೆ ಮಿಲಿಮೀಟರಿನ ಗೆರೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ಅಂಥ ಒಂದು ಮಿಲಿಮೀಟರನ್ನು ೧೦ ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ಒಂದು ನ್ಯಾನೊಮೀಟರು. ಮನುಷ್ಯನ ತಲೆಕೂದಲಿನ ದಪ್ಪ ಸುಮಾರು ೮೦ ಸಾವಿರ ನ್ಯಾನೊಮೀಟರು. ಒಂದು ನ್ಯಾನೊಮೀಟರನ್ನು ಸಾಸಿವೆಕಾಳಿನಷ್ಟು ದೊಡ್ಡದು ಮಾಡಿದೆವೆಂದು ಭಾವಿಸಿದರೆ, ಅದೇ ಲೆಕ್ಕದಲ್ಲಿ ತಲೆಕೂದಲು ನೂರು ಮೀಟರಿಗೂ ಹೆಚ್ಚು ಅಗಲವಾದ ಗದ್ದೆಯಂತೆ ಕಾಣುವುದು! ಸಾಮಾನ್ಯವಾಗಿ ೧ರಿಂದ ೧೦೦ ನ್ಯಾನೊಮೀಟರಿನೊಳಗಿನ ಕಣಗಳನ್ನು ಬಳಸುವ ಕೆಲಸಕ್ಕೆ ನ್ಯಾನೊ ತಂತ್ರಜ್ಞಾನವೆನ್ನುತ್ತಾರೆ.

ಕಣ ಸಣ್ಣದಾದರೆ ಬಂದ ಲಾಭವೇನು ಎಂದು ಕೇಳಬಹುದು. ಲಾಭವು ಮೈಯ ವಿಸ್ತಾರದಲ್ಲಿದೆ. ಇಡೀ ತೆಂಗಿನಕಾಯಿಯಿಂದ ಹಾಲು ಬರುವುದಿಲ್ಲ. ತುರಿದು ಅರೆದರೆ ಬರುತ್ತದೆ. ಏಕೆಂದರೆ ತುರಿದಷ್ಟೂ ಹೊರಮೈ ಹೆಚ್ಚುತ್ತದೆ. ಲೆಕ್ಕ ಹಾಕಿ ನೋಡೋಣ. ಎಲ್ಲ ಕಡೆಗೂ ಒಂದು ಸೆಂಟಿಮೀಟರಿರುವ ಒಂದು ಗಟ್ಟಿ ತುಂಡಿನ ಹೊರಮೈ ೬ ಚದರ ಸೆಂಟಿಮೀಟರು. ಅದನ್ನು ಹೆಬ್ಬೆರಳಿನಿಂದಲೇ ಬಹುಪಾಲು ಮುಚ್ಚಬಹುದು. ಅದೇ ತುಂಡನ್ನು ಒಂದೊಂದು ನ್ಯಾನೊಮೀಟರಿನ ಚೂರುಗಳಾಗಿ ಮಾಡಿದರೆ, ಎಲ್ಲ ಚೂರುಗಳ ಹೊರಮೈ ಕೂಡಿ ೬ ಸಾವಿರ ಚದರ ಮೀಟರು ಆಗುತ್ತದೆ. ಅಂದರೆ ಸುಮಾರು ಒಂದು ಎಕರೆ ೪೮ ಸೆಂಟ್ಸು! ಪ್ಲಾಸ್ಟಿಕ್ಕಿನ ಸರಪಳಿಗಳಿಗೆ ಹಿಡಿದುಕೊಳ್ಳಲು ಅಷ್ಟು ದೊಡ್ಡ ಮೈ ದೊರೆಯುತ್ತದೆ. ಆದಕಾರಣ ಒರಟು ಪುಡಿಯನ್ನು ಬುಟ್ಟಿಗಟ್ಟಲೆ ಹಾಕಿದರೂ ಆಗದ ಕೆಲಸ, ನ್ಯಾನೊ ಪುಡಿಯ ಒಂದು ಹಿಡಿಯಿಂದ ಆಗಬಹುದು.

ದೀಪದ ಮಸಿ

ಈ ವಿದ್ಯೆಯ ಹೆಸರು ಹೊಸದು. ಕೆಲಸ ಮಾತ್ರ ಹಳೆಯದು. ಹಣತೆಯ ಮೇಲೆ ಹಿತ್ತಾಳೆಯ ತಟ್ಟೆ ಹಿಡಿದು ಮಸಿ ಸಂಗ್ರಹಿಸಿ ಕಾಡಿಗೆ ಮಾಡುವುದು ನಮ್ಮ ಹೆಂಗಸರಿಗೆ ತಿಳಿದದ್ದೇ. ಎಣ್ಣೆಯನ್ನು ಸಾಕಷ್ಟು ಗಾಳಿಯಿಲ್ಲದೆ ಉರಿಸಿ ಇದೇ ಜಾತಿಯ ಮಸಿಯನ್ನು ಕಾರ್ಖಾನೆಗಳಲ್ಲಿ ಟನ್ನುಗಟ್ಟಲೆ ತಯಾರಿಸುತ್ತಾರೆ. ವ್ಯಾಪಾರದಲ್ಲಿ ಇದಕ್ಕೆ ಕಾರ್ಬನ್ ಬ್ಲ್ಯಾಕ್ ಎಂದು ಹೆಸರು.

ಮೊದಮೊದಲು ಮೋಟಾರು ಗಾಡಿಗಳ ಟೈರು ಕಪ್ಪಗಿರಲಿಲ್ಲ, ಬಿಳಿಚಿಕೊಂಡಿತ್ತು. ಬೇಗ ಸವೆದು ಹೋಗುತ್ತಿತ್ತು. ೨೦ನೆಯ ಶತಮಾನದ ಮೊದಲ ವರ್ಷಗಳಲ್ಲಿ ರಬ್ಬರಿಗೆ ಈ ಮಸಿಯನ್ನು ಬೆರೆಸಿ ನೋಡಿದಾಗ ಟೈರಿನ ಬಾಳಿಕೆ ಅನೇಕ ಪಟ್ಟು ಹೆಚ್ಚಿತು. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ರಬ್ಬರ್ ತೋಟದ ಹಾಳೆಗಳು ಟೈರಾಗುವಾಗ ಇಂದಿಗೂ ಅದಕ್ಕೆ ಮಸಿ ಸೇರುತ್ತದೆ.

ನಮ್ಮ ಕರಿ ಪೈಪಿನ ಕಪ್ಪೂ ಇದೇ ಮಸಿ. ಅದು ಚೆಂದಕ್ಕೆ ಹಾಕಿದ ಬಣ್ಣವಲ್ಲ. ಬಿಸಿಲಿನ ಕಿರಣವನ್ನು ಮಸಿಯ ಕಣ ತಾನು ನುಂಗಿ, ಸರಪಳಿಗಳನ್ನು ಕಾಯುತ್ತದೆ. ನೀರಿನ ಪಾಲಿಥೀನ್ ಪೈಪಿಗೆ ನೂರು ಪಾಲಿನಲ್ಲಿ ಎರಡರಿಂದ ಮೂರು ಪಾಲಿನಷ್ಟು ಮಸಿ ಇರಬೇಕೆಂದೂ, ಅದು ಎಲ್ಲೆಡೆ ಒಂದೇ ಸಮನಾಗಿ ಹರಡಿರಬೇಕೆಂದೂ ಭಾರತೀಯ ಮಾನಕವು ವಿಧಿಸುತ್ತದೆ. ಆ ಮಸಿಯ ಒಂದೊಂದು ಕಣವೂ ಸುಮಾರು ೧೦ರಿಂದ ೨೫ ನ್ಯಾನೊಮೀಟರಿನದು. ಹಾಗಾದರೆ ‘ನ್ಯಾನೊ’ ಎಂಬ ಶಬ್ದ ಕೇಳುವುದಕ್ಕೆ ಎಷ್ಟೋ ಮೊದಲೇ ನಮ್ಮ ರೈತರು ನ್ಯಾನೊ ಸಾಮಾನನ್ನು ಹೆಗಲ ಮೇಲೆ ಹೊತ್ತು ತೋಟಕ್ಕೆ ಒಯ್ದಿದ್ದರು!

ಇನ್ನು, ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಸುಲಭ. ಮಸಿ ಕಡಿಮೆ ಹಾಕಿದ ಪೈಪೂ ಬೇಗ ಸೀಳುತ್ತದೆ. ಮಸಿ ಸಾಕಷ್ಟು ಹಾಕಿ ಸರಿಯಾಗಿ ಬೆರೆಸದ ಪೈಪೂ ಬೇಗ ಸೀಳುತ್ತದೆ. ಮಸಿ ಗಂಟು ಕಟ್ಟಿದಲ್ಲಿ, ಹಂಚಿನ ಮಣ್ಣಿನ ಗಂಟಿನಂತೆಯೇ, ಬಿರುಕು ಹುಟ್ಟುತ್ತದೆ. ಮಸಿ ಹರಡದೆ ಉಳಿದ ಜಾಗವನ್ನು ಬಿಸಿಲು ತಿನ್ನುತ್ತದೆ. ಹೊರಗಿನಿಂದ ನೋಡುವವನಿಗೆ ಎರಡೂ ಕಪ್ಪೇ.

ಮಣ್ಣಿನ ಹಾಳೆಗಳು

ಮಸಿಯ ಬದಲು ಮಣ್ಣನ್ನೇ ಪ್ಲಾಸ್ಟಿಕ್ಕಿಗೆ ಬೆರೆಸಿದರೆ ಹೇಗೆ? ಇದನ್ನು ಮಾಡಿ ತೋರಿಸಿದವರು ಜಪಾನಿನ ಟೊಯೊಟಾ ಮೋಟಾರು ಕಂಪನಿಯ ಸಂಶೋಧನಾಲಯದವರು. ೧೯೮೦ರ ನಂತರದ ವರ್ಷಗಳಲ್ಲಿ ಅವರು ನೈಲಾನಿಗೆ ಜೇಡಿಮಣ್ಣನ್ನು ಬೆರೆಸುವ ವಿಧಾನವನ್ನು ಕಂಡುಕೊಂಡರು. ನೂರಕ್ಕೆ ಸುಮಾರು ಐದು ಪಾಲು ಮಣ್ಣು ಸೇರಿಸಿದ್ದರಿಂದ ನೈಲಾನಿನ ಬಿಗುಪು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಭಾರ ಹೊತ್ತಾಗ ಸುಮಾರು ೬೫ ಡಿಗ್ರಿ ಶಾಖಕ್ಕೇ ಬಾಗುತ್ತಿದ್ದ ವಸ್ತು ೧೪೦ ಡಿಗ್ರಿ ದಾಟಿದರೂ ತಡೆದುಕೊಂಡಿತು. ಮೋಟಾರಿನ ಎಂಜಿನ್ನಿನ ಬಳಿಯ ಒಂದು ಮುಚ್ಚಳವನ್ನು ಅದರಿಂದ ಮಾಡಿ ಬಳಕೆಗೆ ತಂದರು. ಲೋಕದಲ್ಲೆಲ್ಲ ಈ ವಿಷಯದ ಸಂಶೋಧನೆ ಹಬ್ಬಲು ಅದೇ ಕಾರಣವಾಯಿತು.

ಅವರು ಬಳಸಿದ ಮಣ್ಣು ಜೆಪ್ಪುವಿನ ಹಂಚಿನ ಮಣ್ಣಿನ ಜಾತಿಯದಲ್ಲ ಎಂಬುದನ್ನು ಹೇಳಬೇಕು. ನಮ್ಮ ಕರಾವಳಿಯ ಮುರಕಲ್ಲಿನ ಸೀಮೆಯ ಜೇಡಿಯಲ್ಲಿ ಹೆಚ್ಚಾಗಿರುವುದು ಕೆಯೊಲಿನೈಟ್ ಎಂಬ ಖನಿಜ. ಟೊಯೊಟಾದವರು ಬಳಸಿದ್ದು ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಎರಡೂ ತೆಳ್ಳನೆಯ ಹಾಳೆಗಳ ಕಟ್ಟುಗಳೇ. ವೀಳ್ಯದೆಲೆಯ ಕಟ್ಟಿನಂತೆ ಹಾಳೆಯ ಮೇಲೆ ಹಾಳೆ. ಕೆಯೊಲಿನೈಟಿನಲ್ಲಿ ಹಾಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿರುತ್ತವೆ. ನೀರು ಹಾಕಿದರೂ ಬಿಡಿಸಿಕೊಳ್ಳುವುದಿಲ್ಲ. ಮಾಂಟ್‌ಮೊರಿಲೊನೈಟಿನಲ್ಲಿ ನೀರು ಹಾಳೆಗಳ ನಡುವೆ ನುಗ್ಗಿ ಕಟ್ಟನ್ನು ಉಬ್ಬಿಸುತ್ತದೆ. ಬಯಲುಸೀಮೆಯ ಎರೆಭೂಮಿಯನ್ನು ಕಂಡವರಿಗೆ ಇದು ತಿಳಿದೀತು. ಮಳೆಗೆ ಉಬ್ಬಿ ಅಂಟಾಗುವುದೂ ಬೇಸಗೆಗೆ ಕಾಲು ಸಿಕ್ಕುವಷ್ಟು ಬಿರಿಯುವುದೂ ಈ ಜಾತಿಯ ಖನಿಜದಿಂದಲೇ. ಗುಜರಾತಿನ ಕಚ್ಛ, ರಾಜಸ್ಥಾನದ ಬಾಡ್ಮೇರ್ ಕಡೆಗಳಲ್ಲಿ ಈ ಖನಿಜವುಳ್ಳ ಮಣ್ಣನ್ನು ಅಗೆಯುತ್ತಾರೆ. ಅದಕ್ಕೆ ಬೆಂಟೊನೈಟ್ ಎಂದು ಹೆಸರು.

ಇದರ ಒಂದೊಂದು ಹಾಳೆಯ ದಪ್ಪ ಕೇವಲ ಒಂದು ನ್ಯಾನೊಮೀಟರು. ಅಗಲ ಅದರ ನೂರಾರು ಪಟ್ಟು. ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಪ್ಲಾಸ್ಟಿಕ್ಕಿನೊಳಗೆ ಹರಡಿದರೆ ಎರಡು ಲಾಭಗಳಿವೆ. ಒಂದು, ಹಾಳೆಗಳು ಸರಪಳಿಗಳನ್ನು ಹಿಡಿದು ನಿಲ್ಲಿಸುವುದರಿಂದ ವಸ್ತು ಬಿಗಿಯಾಗುತ್ತದೆ. ಇನ್ನೊಂದು, ಮಾಡಿನ ಹಂಚನ್ನು ಒಂದರ ಮೇಲೊಂದು ಹೊದಿಸಿ ಮಳೆಯನ್ನು ತಡೆಯುವ ಹಾಗೆ, ಈ ಹಾಳೆಗಳು ಗಾಳಿ ತೇವಗಳ ದಾರಿಗೆ ಅಡ್ಡವಾಗುತ್ತವೆ. ನುಸುಳುವ ಗಾಳಿ ಹಾಳೆಯಿಂದ ಹಾಳೆಗೆ ಸುತ್ತಿ ಸುತ್ತಿ ಹೋಗಬೇಕಾಗುತ್ತದೆ. ಆಹಾರವನ್ನು ಹೆಚ್ಚು ಕಾಲ ಕೆಡದಂತೆ ಇಡುವ ಹೊದಿಕೆಗಳಿಗೆ ಈ ಗುಣವು ಬೇಕಾದುದು.

ಹದ ತಪ್ಪಿದರೆ

ಕಷ್ಟವಿರುವುದು ಬಿಡಿಸುವುದರಲ್ಲಿ. ಮಣ್ಣಿಗೆ ನೀರಿನ ಮೇಲೆ ಒಲವು. ಪ್ಲಾಸ್ಟಿಕ್ಕು ಎಣ್ಣೆಯ ಕುಲದ್ದು. ಎಣ್ಣೆ ನೀರು ಕೂಡುವುದಿಲ್ಲ. ಆದುದರಿಂದ ಒಂದು ತುದಿ ಮಣ್ಣನ್ನು ಹಿಡಿಯುವಂಥ, ಇನ್ನೊಂದು ತುದಿ ಎಣ್ಣೆಯ ಗುಣವುಳ್ಳ, ಸಾಬೂನಿನಂತಹ ದ್ರವ್ಯವನ್ನು ಮೊದಲು ಹಾಳೆಗಳ ನಡುವೆ ಸೇರಿಸುತ್ತಾರೆ. ಸಾಬೂನು ಬಟ್ಟೆಯ ಜಿಡ್ಡನ್ನು ನೀರಿನೊಡನೆ ಕೂಡಿಸುವಂತೆ, ಇದು ಮಣ್ಣನ್ನು ಪ್ಲಾಸ್ಟಿಕ್ಕಿನೊಡನೆ ಕೂಡಿಸುತ್ತದೆ. ಆ ಬಳಿಕ ಕರಗಿದ ಪ್ಲಾಸ್ಟಿಕ್ಕಿನಲ್ಲಿ ಹಾಕಿ, ತಿರುಪಿನಂಥ ಯಂತ್ರದಲ್ಲಿ ನಾದುತ್ತಾರೆ. ಇಷ್ಟಾದರೂ ಕಣಗಳು ಅಕ್ಕಿಹಿಟ್ಟಿನಂತೆ ಗಂಟು ಕಟ್ಟಲು ಹವಣಿಸುತ್ತಲೇ ಇರುತ್ತವೆ. ಗಂಟು ಕಟ್ಟಿದ ನ್ಯಾನೊ ಪುಡಿ ನ್ಯಾನೊ ಆಗಿ ಉಳಿಯುವುದಿಲ್ಲ. ದುಬಾರಿ ಬೆಲೆಯ ಒರಟು ಪುಡಿಯಾಗುತ್ತದೆ. ಕೆಲವೊಮ್ಮೆ ಬರಿಯ ಪ್ಲಾಸ್ಟಿಕ್ಕಿಗಿಂತಲೂ ಅದು ಬೇಗ ಮುರಿಯುತ್ತದೆ.

ಹದವಾಗಿದೆಯೇ ಎಂಬುದನ್ನು ತಿಳಿಯಲು ಪ್ರಯೋಗಶಾಲೆ ಬೇಕು. ಪೈಪಿನ ತುಂಡನ್ನು ಗಾಳಿಯಾಡದಂತೆ ಕಾಯಿಸಿ, ಪ್ಲಾಸ್ಟಿಕ್ಕು ಆವಿಯಾದ ಮೇಲೆ ಉಳಿದ ಮಸಿಯನ್ನು ತೂಗಿ ನೋಡುತ್ತಾರೆ. ತೆಳುವಾದ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಗಂಟುಗಳನ್ನು ಹುಡುಕುತ್ತಾರೆ. ಪ್ಲಾಸ್ಟಿಕ್ಕಿನ ಪರೀಕ್ಷೆ, ತರಬೇತಿಗಳಿಗೆಂದು ಕೇಂದ್ರ ಸರಕಾರದ ಸಿಪೆಟ್ ಸಂಸ್ಥೆ ಮೈಸೂರಿನಲ್ಲಿದೆ. ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ಸಿಪೆಟ್ಟಿನಲ್ಲಿ ಮೂರು ವರ್ಷದ ಡಿಪ್ಲೊಮಾ ಶಿಕ್ಷಣ ಉಂಟು. ಈ ಕೆಲಸದಲ್ಲಿ ಆಸಕ್ತಿಯಿರುವ ಹಳ್ಳಿಯ ಮಕ್ಕಳ ತಂದೆತಾಯಿಗಳು ಇದನ್ನು ವಿಚಾರಿಸಬಹುದು.

ಬೇರೆ ಕೆಲವು ಬಗೆಗಳು

ಅಂಗಡಿಯ ಚಿಪ್ಸಿನ ಪೊಟ್ಟಣದ ಒಳಮೈ ಬೆಳ್ಳಿಯಂತೆ ಹೊಳೆಯುವುದನ್ನು ಎಲ್ಲರೂ ನೋಡಿದ್ದೇವೆ. ಅದು ಬೆಳ್ಳಿಯಲ್ಲ; ಪ್ಲಾಸ್ಟಿಕ್ ಹಾಳೆಯ ಮೇಲೆ ಕುಳ್ಳಿರಿಸಿದ ಅಲ್ಯೂಮಿನಿಯಮ್ಮು. ಅದರ ದಪ್ಪ ಕೆಲವು ಹತ್ತು ನ್ಯಾನೊಮೀಟರು ಮಾತ್ರ. ಅಷ್ಟಾದರೂ ಗಾಳಿ, ತೇವ, ಬೆಳಕನ್ನು ತಡೆದು ತಿಂಡಿಯನ್ನು ಗರಿಗರಿಯಾಗಿ ಇಡುತ್ತದೆ. ಆದರೆ ಪದರಕ್ಕೆ ಪದರ ಅಂಟಿಸಿದ ಈ ಪೊಟ್ಟಣವನ್ನು ಬಿಡಿಸಿ ಮರಳಿ ಕರಗಿಸುವುದು ಬಹಳ ಕಷ್ಟ. ಗುಜರಿಯವನೂ ಅದನ್ನು ಕೊಳ್ಳಲು ಹಿಂಜರಿಯುತ್ತಾನೆ.

ಸತುವಿನ ಭಸ್ಮ, ಟೈಟೇನಿಯಮ್ಮಿನ ಬಿಳಿಪುಡಿ ಇವುಗಳ ನ್ಯಾನೊ ಕಣಗಳನ್ನು ಬಿಸಿಲು ತಡೆಯಲು ಬೆರೆಸುವುದುಂಟು. ಬೆಳ್ಳಿಯ ನ್ಯಾನೊ ಕಣಗಳು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆಂದು ಕೆಲವು ಪಾತ್ರೆ, ಹೊದಿಕೆಗಳಲ್ಲಿ ಅದನ್ನು ಸೇರಿಸುತ್ತಾರೆ. ಆ ಬೆಳ್ಳಿ ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಂದರೆ ಆಹಾರದ ಮೇಲೂ ಮಣ್ಣಿನ ಉಪಕಾರಿ ಜೀವಿಗಳ ಮೇಲೂ ಏನು ಪರಿಣಾಮವಾದೀತು ಎಂಬುದನ್ನು ವಿಜ್ಞಾನಿಗಳು ಇನ್ನೂ ಪರಿಶೀಲಿಸುತ್ತಿದ್ದಾರೆ. ನೀರಿನ ಟಾಂಕಿಯಲ್ಲಿ ಪಾಚಿ ಬೆಳೆಯದಿರಲು ಬೆಳ್ಳಿಯೇ ಬೇಕೆಂದಿಲ್ಲ. ಬೆಳಕು ಒಳಗೆ ಹೋಗದಂತೆ ಮಸಿ ಬೆರೆಸಿದ ಕಪ್ಪು ಪದರವಿದ್ದು, ಮುಚ್ಚಳ ಸರಿಯಾಗಿದ್ದು, ಕಾಲಕಾಲಕ್ಕೆ ತೊಳೆದರೆ ಸಾಕು.

ಈ ವಿದ್ಯೆಯಲ್ಲಿ ನಮ್ಮ ದೇಶವೂ ಹಿಂದುಳಿದಿಲ್ಲ. ಭಾರತ ಸರಕಾರವು ೨೦೦೭ರಲ್ಲಿ ನ್ಯಾನೊ ಮಿಷನ್ ಎಂಬ ಯೋಜನೆಯನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇವುಗಳಲ್ಲಿ ನ್ಯಾನೊ ವಸ್ತುಗಳ ಮೇಲೆ ಸಂಶೋಧನೆ ನಡೆಯುತ್ತಿದೆ. ೨೦೧೪ರಲ್ಲಿ ಭಾರತರತ್ನವನ್ನು ಪಡೆದ ನಮ್ಮ ನಾಡಿನ ಪ್ರೊಫೆಸರ್ ಸಿ.ಎನ್.ಆರ್. ರಾವ್ ಅವರು ಈ ಕ್ಷೇತ್ರದಲ್ಲಿ ಪ್ರಪಂಚದ ಹಿರಿಯರಲ್ಲೊಬ್ಬರು.

ಕೊಳ್ಳುವಾಗ ಗಮನಿಸತಕ್ಕ ಸಂಗತಿಗಳು

೧. ‘ನ್ಯಾನೊ’ ಎಂಬ ಮಾತು ಗುಣದ ಮುದ್ರೆಯಲ್ಲ. ಗುಣದ ಮುದ್ರೆ ಐ.ಎಸ್.ಐ. ಗುರುತು. ಹನಿ ನೀರಾವರಿಯ ಪಾಲಿಥೀನ್ ಕೊಳವೆಗೆ ಐ.ಎಸ್. ೧೨೭೮೬, ನೀರು ಸರಬರಾಜಿನ ಪಾಲಿಥೀನ್ ಪೈಪಿಗೆ ಐ.ಎಸ್. ೪೯೮೪, ಪಿ.ವಿ.ಸಿ. ಪೈಪಿಗೆ ಐ.ಎಸ್. ೪೯೮೫ ಎಂಬ ಸಂಖ್ಯೆ ಪೈಪಿನ ಮೈಮೇಲೆಯೇ ಅಚ್ಚಾಗಿರಬೇಕು. ಜೊತೆಗೆ ಸಿ.ಎಂ./ಎಲ್. ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆ ನಿಜವೇ ಎಂಬುದನ್ನು ‘ಬಿಐಎಸ್ ಕೇರ್’ ಎಂಬ ಮೊಬೈಲ್ ಆ್ಯಪಿನಲ್ಲಿ ನೋಡಬಹುದು. ಸ್ವತಃ ಬಾರದಿದ್ದರೆ ಮನೆಯ ಮಕ್ಕಳಿಂದ ನೋಡಿಸಿರಿ.

೨. ಪೈಪಿನ ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿರಿ. ಕಪ್ಪು ಎಲ್ಲೆಡೆ ಒಂದೇ ಸಮನಾಗಿರಬೇಕು. ಬೂದು ಗೆರೆ, ಚುಕ್ಕೆ, ಗುಳ್ಳೆ ಕಂಡರೆ, ಒಳಮೈ ಒರಟಾಗಿದ್ದರೆ, ಅದನ್ನು ಬಿಡುವುದು ಲೇಸು.

೩. ಟಾರ್ಪಾಲನ್ನು ತೂಗಿ ಕೊಳ್ಳಿರಿ. ಅದರ ಮೇಲೆ ‘ಜಿ.ಎಸ್.ಎಂ.’ ಎಂದು ಬರೆದ ಸಂಖ್ಯೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಮೆಂಬುದನ್ನು ಹೇಳುತ್ತದೆ. ೨೦ ಅಡಿ ಉದ್ದ ೧೫ಅಡಿ ಅಗಲದ ಟಾರ್ಪಾಲು ೩೦೦ ಚದರ ಅಡಿ, ಅಂದರೆ ಸುಮಾರು ೨೮ ಚದರ ಮೀಟರು. ೧೨೦ ಜಿ.ಎಸ್.ಎಂ. ಎಂದು ಬರೆದಿದ್ದರೆ ಅದು ಸುಮಾರು ೩ ಕಿಲೊ ೩೬೦ ಗ್ರಾಂ ತೂಗಬೇಕು. ತೂಕ ತೀರ ಕಡಿಮೆಯಿದ್ದರೆ ಕಾರಣ ಕೇಳಿರಿ. ಬಿಸಿಲು ತಡೆಯುವ ದ್ರವ್ಯ ಸೇರಿಸಿದೆಯೇ ಎಂಬುದನ್ನೂ ವಿಚಾರಿಸಿರಿ.

೪. ‘ನ್ಯಾನೊ’ ಎಂದು ಹೆಚ್ಚು ಬೆಲೆ ಕೇಳಿದರೆ ಮೂರು ಪ್ರಶ್ನೆ ಹಾಕಿರಿ: ಬೆರೆಸಿದ ವಸ್ತು ಯಾವುದು? ಅದರಿಂದ ಯಾವ ಗುಣ ಎಷ್ಟು ಹೆಚ್ಚಿದೆ? ಯಾರು ಪರೀಕ್ಷಿಸಿ ಹೇಳಿದ್ದಾರೆ? ಉತ್ತರ ಬಾರದಿದ್ದರೆ ಆ ಹೆಚ್ಚಿನ ಬೆಲೆ ಬರಿಯ ಹೆಸರಿನದೆಂದು ತಿಳಿಯಿರಿ.

೫. ಬಿಲ್ಲು ತೆಗೆದುಕೊಂಡು ಜೋಪಾನವಾಗಿಡಿರಿ. ಬಳಸದಿರುವಾಗ ಪೈಪನ್ನೂ ಟಾರ್ಪಾಲನ್ನೂ ಸುತ್ತಿ ನೆರಳಿನಲ್ಲಿಡಿರಿ. ಎಂಥ ಒಳ್ಳೆಯ ಪ್ಲಾಸ್ಟಿಕ್ಕಿಗೂ ಬಿಸಿಲೇ ಶತ್ರು. ಪಿ.ವಿ.ಸಿ. ಪೈಪನ್ನು ಸಾಧ್ಯವಾದಷ್ಟೂ ಮಣ್ಣಿನಲ್ಲಿ ಹೂಳುವುದು ಉತ್ತಮ.

ಹಳತಾದ ಮೇಲೆ

ಹಂಚು ಒಡೆದರೆ ಚೂರುಗಳು ಕೊನೆಗೆ ಮಣ್ಣಿಗೇ ಸೇರುತ್ತವೆ. ಅದರಿಂದ ಯಾರಿಗೂ ಕೇಡಿಲ್ಲ. ಪ್ಲಾಸ್ಟಿಕ್ಕಿನ ಮಾತು ಹಾಗಲ್ಲ. ಅದು ಕೊಳೆಯದೆ ಚೂರಾಗುತ್ತದೆ. ಚೂರು ಇನ್ನೂ ಚೂರಾಗುತ್ತದೆ. ಐದು ಮಿಲಿಮೀಟರಿಗಿಂತ ಸಣ್ಣ ಚೂರುಗಳಿಗೆ ಮೈಕ್ರೊಪ್ಲಾಸ್ಟಿಕ್ ಎನ್ನುತ್ತಾರೆ. ಅವು ಸವೆದು ಸವೆದು ನ್ಯಾನೊ ಅಳತೆಗೂ ಇಳಿಯುತ್ತವೆ. ಮಣ್ಣಿನಲ್ಲಿ, ನೀರಿನಲ್ಲಿ, ಮನುಷ್ಯನ ರಕ್ತದಲ್ಲಿಯೂ ಇಂಥ ಚೂರುಗಳನ್ನು ಸಂಶೋಧಕರು ಕಂಡಿದ್ದಾರೆ. ಕಾರ್ಖಾನೆಯಲ್ಲಿ ಹದವರಿತು ಬೆರೆಸಿದ ನ್ಯಾನೊ ಕಣ ಪ್ಲಾಸ್ಟಿಕ್ಕಿನೊಳಗೆ ಬಂಧಿಯಾಗಿ ನಮಗೆ ಕೆಲಸ ಮಾಡುತ್ತದೆ. ನಾವು ತೋಟದಲ್ಲಿ ಬಿಟ್ಟ ಹರುಕು ಪ್ಲಾಸ್ಟಿಕ್ಕಿನಿಂದ ಹುಟ್ಟುವ ನ್ಯಾನೊ ಚೂರು ಯಾರ ಹಿಡಿತಕ್ಕೂ ಸಿಗುವುದಿಲ್ಲ.

ಪ್ಲಾಸ್ಟಿಕ್ಕಿನ ಕಸದ ಭಾರ ಎಂಥದೆಂಬುದನ್ನು ನಮ್ಮ ನೆರೆಯಲ್ಲಿಯೇ ಕಂಡಿದ್ದೇವೆ. ಮಂಗಳೂರಿನ ಪಚ್ಚನಾಡಿಯಲ್ಲಿ ನಗರದ ಕಸ ಸುರಿಯುತ್ತಿದ್ದ ರಾಶಿಯು ೨೦೧೯ರ ಆಗಸ್ಟ್ ತಿಂಗಳ ಜಡಿಮಳೆಗೆ ಜಾರಿ, ಕೆಳಗಿನ ಮಂದಾರ ಎಂಬಲ್ಲಿನ ಅಡಿಕೆ, ತೆಂಗಿನ ತೋಟಗಳ ಮೇಲೆ ಹರಿಯಿತು. ತಲೆಮಾರುಗಳಿಂದ ಬೆಳೆಸಿದ ತೋಟ ಕಸದಡಿಯಲ್ಲಿ ಹೂತುಹೋಯಿತು. ಮನೆಮಂದಿ ಮನೆ ಬಿಟ್ಟು ಹೋಗಬೇಕಾಯಿತು. ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಎಸೆಯುವ ಲೋಟ, ತಟ್ಟೆ, ಚಮಚ, ಹೀರುಗೊಳವೆ ಮುಂತಾದ ಪ್ಲಾಸ್ಟಿಕ್ ಸಾಮಾನುಗಳನ್ನು ದೇಶದಲ್ಲೆಲ್ಲ ನಿಷೇಧಿಸಿರುವುದು ಸಕಾರಣವಾಗಿಯೇ ಇದೆ. ಹಾಳೆಯ ತಟ್ಟೆ, ಬಾಳೆಲೆ ಇರುವ ನಮ್ಮ ಸೀಮೆಗೆ ಅವುಗಳ ಅಗತ್ಯವೂ ಇಲ್ಲ.

ಬಚ್ಚಲಿನ ಒಲೆಗೆ ಬೆಂಕಿ ಹಿಡಿಸಲು ಪ್ಲಾಸ್ಟಿಕ್ ತೊಟ್ಟೆಯನ್ನೋ ಪೈಪಿನ ತುಂಡನ್ನೋ ಹಾಕುವ ಅಭ್ಯಾಸ ಹಲವು ಮನೆಗಳಲ್ಲಿದೆ. ಇದನ್ನು ಕೂಡಲೇ ಬಿಡತಕ್ಕದ್ದು. ಪ್ಲಾಸ್ಟಿಕ್ಕಿನ ಹೊಗೆ ವಿಷ. ಪಿ.ವಿ.ಸಿ. ಉರಿದಾಗ ಆಮ್ಲದ ಅನಿಲವೂ ಡಯಾಕ್ಸಿನ್ ಎಂಬ ಘೋರವಾದ ವಿಷವೂ ಹುಟ್ಟುತ್ತವೆ. ಆ ಹೊಗೆಯನ್ನು ಮೊದಲು ಕುಡಿಯುವವರು ಒಲೆಯ ಮುಂದೆ ಕುಳಿತ ಹೆಂಗಸರೂ ಮಕ್ಕಳೂ. ಪ್ಲಾಸ್ಟಿಕ್ಕು ಬೆರೆತ ಬೂದಿಯನ್ನು ಗಿಡದ ಬುಡಕ್ಕೆ ಹಾಕುವುದೂ ತಪ್ಪು.

ಹಾಗಾದರೆ ಮಾಡತಕ್ಕದ್ದೇನು? ಹಳೆಯ ಪೈಪು, ಕೊಳವೆ, ಟಾರ್ಪಾಲುಗಳನ್ನು ತೋಟದಿಂದ ಹೆಕ್ಕಿ, ಮಣ್ಣು ತೊಳೆದು, ಜಾತಿ ಜಾತಿಯಾಗಿ ಬೇರೆ ಮಾಡಿ ಗುಜರಿಗೆ ಕೊಡಿರಿ. ಅದಕ್ಕೆ ಹಣವೂ ಬರುತ್ತದೆ. ಗುಜರಿಗೆ ಹೋಗದ ಪೊಟ್ಟಣ, ತೊಟ್ಟೆಗಳನ್ನು ಒಣಗಿಸಿ ಚೀಲದಲ್ಲಿ ತುಂಬಿಸಿ, ಗ್ರಾಮ ಪಂಚಾಯಿತಿಯ ಕಸದ ವಾಹನಕ್ಕೋ ಸ್ವಚ್ಛ ಸಂಕೀರ್ಣಕ್ಕೋ ಒಪ್ಪಿಸಿರಿ. ಅಡಿಕೆ ಕೊಯ್ಲು ಮುಗಿದ ಮೇಲೆ ವರ್ಷಕ್ಕೊಂದು ದಿನ ನೆರೆಕರೆಯವರು ಕೂಡಿ ತೋಟದ ಪ್ಲಾಸ್ಟಿಕ್ ಹೆಕ್ಕುವ ಕೆಲಸವನ್ನು ಇಟ್ಟುಕೊಂಡರೆ ಊರಿಗೇ ಒಳ್ಳೆಯದು. ಯುವಕ ಮಂಡಲಗಳೂ ಸ್ತ್ರೀಶಕ್ತಿ ಸಂಘಗಳೂ ಇದರಲ್ಲಿ ಮುಂದಾಳುಗಳಾಗಬೇಕು.

ರೈತ ಬಾಂಧವರೇ, ವಿಜ್ಞಾನವು ಮಣ್ಣನ್ನು ಹಾಳೆ ಹಾಳೆಯಾಗಿ ಬಿಡಿಸಿ ಪ್ಲಾಸ್ಟಿಕ್ಕಿಗೆ ಬಲ ಕೊಡುವಷ್ಟು ಮುಂದುವರಿದಿದೆ. ಅದರ ಪ್ರಯೋಜನವನ್ನು ನಾವು ಪಡೆಯಬೇಕು. ಆದರೆ ಕಣ್ಣು ಮುಚ್ಚಿ ಪಡೆಯಕೂಡದು. ಸಾಮಾನು ಕೊಳ್ಳುವಾಗ ಹೆಸರನ್ನು ಬಿಟ್ಟು ಮುದ್ರೆಯನ್ನೂ ತೂಕವನ್ನೂ ನೋಡುವವನ ಹಣ ಉಳಿಯುತ್ತದೆ. ಬಳಸಿದ್ದನ್ನು ಹೆಕ್ಕಿ ತೆಗೆಯುವವನ ಭೂಮಿ ಉಳಿಯುತ್ತದೆ. ಈ ವರ್ಷದ ಪೈಪು ಖರೀದಿಗೆ ಹೊರಡುವ ಮೊದಲು, ಮನೆಯಲ್ಲಿರುವ ಹಳೆಯ ಪೈಪಿನ ಮೇಲೆ ಏನು ಅಚ್ಚಾಗಿದೆಯೆಂಬುದನ್ನು ಒಮ್ಮೆ ಓದಿ ನೋಡಿರಿ. ಬಾಳಿದ ಪೈಪಿನ ಮೇಲಿರುವ ಗುರುತೇನು, ಸೀಳಿದ ಪೈಪಿನ ಮೇಲಿರುವ ಗುರುತೇನು ಎಂಬುದನ್ನು ಹೋಲಿಸಿ ನೋಡಿದರೆ, ಅಂಗಡಿಯಲ್ಲಿ ಯಾವುದನ್ನು ಕೇಳಬೇಕೆಂಬುದು ತಾನಾಗಿಯೇ ತಿಳಿಯುವುದು.